ಉಂಡ ಮನೆಯ ಜಂತೆ

ಹೆಬ್ಬಾಳದ ಲ್ಯಾಬಿನಲ್ಲಿ ನನ್ನ ಕೆಲಸ ಎಣಿಸುವುದು.
ಕುರಿಯ ಹಿಕ್ಕೆ ಅರೆದು, ಉಪ್ಪುನೀರಲ್ಲಿ ಕದಡಿ, ಸೋಸಿ,
ಗಾಜಿನ ಗೆರೆಮನೆಗೆ ನಾಲ್ಕು ತೊಟ್ಟು ಬಿಟ್ಟು
ಐದು ನಿಮಿಷ ಸುಮ್ಮನೆ ಕೂರುವುದು.
ಭಾರದ್ದು ತಳ ಹಿಡಿಯುತ್ತದೆ.
ಮೊಟ್ಟೆ ಮಾತ್ರ ತೇಲಿ ಬರುತ್ತದೆ,
ಬೇಡವೆಂದರೂ ನಾಲಗೆಗೆ ಬರುವ ಹೆಸರಿನ ಹಾಗೆ.
ಕಂಡಷ್ಟನ್ನು ಐವತ್ತರಿಂದ ಗುಣಿಸುವುದು.

ಉಂಡ ಮನೆಯ ಜಂತೆ ಎಣಿಸಬಾರದು
ಅನ್ನುತ್ತಿದ್ದಳು ಅಜ್ಜಿ.
ಜಂತೆಯಲ್ಲ ಅಜ್ಜಿ, ಜಂತು.

ಪಿಳ್ಳಮ್ಮ ಬಂದಳು ಎರಡನೇ ಸಲ
ಹೆಸರಘಟ್ಟದ ಕಡೆಯಿಂದ, ಎರಡು ಬಸ್ಸು ಬದಲಿಸಿ.
ಟಿಫಿನ್ ಡಬ್ಬಿಯಲ್ಲಿ ಹಿಕ್ಕೆ, ಮೇಲೊಂದು ಹೊಂಗೆ ಸೊಪ್ಪು.
ಏನಮ್ಮ ಅದು ವಾಸನೆ, ಅಂದನಂತೆ ಕಂಡಕ್ಟರು.
ರಿಪೋರ್ಟು ಕಣಪ್ಪ, ಅಂದಳಂತೆ.

ಮದ್ದಿಗೆ ಮೊದಲು ನಲವತ್ತೆರಡು.
ಮದ್ದು ಕುಡಿಸಿ ಹತ್ತು ದಿನಕ್ಕೆ ಮೂವತ್ತೊಂಬತ್ತು.
ನಡುವಿನ ಮೂರು ಮೊಟ್ಟೆ
ಮದ್ದಿನ ಲೆಕ್ಕವೋ ನನ್ನ ಕಣ್ಣಿನ ತಪ್ಪೋ.
"ಬಾಟ್ಲಿ ಡುಪ್ಲಿಕೇಟಾ ಮೇಡಂ?"
ಬಾಟ್ಲಿ ಅಸಲಿ. ಹುಳುವೂ ಅಸಲಿ.

"ಹೇಗೆ ಕುಡಿಸಿದಿರಿ?"
"ಮುಚ್ಚಳದಾಗೆ. ದೊಡ್ಡದಕ್ಕೊಂದು, ಸಣ್ಣದಕ್ಕರ್ಧ."
"ತೂಕ ನೋಡಲಿಲ್ವಾ?"
"ಕುರಿ ತೂಕ ನೋಡೋದು ಚರ್ಮ ಸುಲಿದ ಮ್ಯಾಲೆ."

ಅರ್ಧ ಮುಚ್ಚಳಕ್ಕೆ ಸತ್ತದ್ದು ಮೆತ್ತನೆಯವು.
ಉಳಿದವು ಪಾಠವೇನೂ ಕಲಿತದ್ದಲ್ಲ,
ಹುಟ್ಟುವಾಗಲೇ ಗಟ್ಟಿ.
ಅವುಗಳ ಮಕ್ಕಳಿಗೆ ಆ ಬಿಳಿ ಮದ್ದು
ಬೆಳಗಿನ ನಂದಿನಿ ಹಾಲು.

ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಬೀಡುಬಿಟ್ಟಿವೆ,
ಜಯನಗರ ನಾಲ್ಕನೇ ಬ್ಲಾಕಿನ ಹಳೇ ಬಾಡಿಗೆಯವರ ಹಾಗೆ
ನೋಟಿಸಿಗೆ ಜಗ್ಗುವುದಿಲ್ಲ.
ಹೆಣ್ಣು ಹುಳು ಕೆಂಪು ಬಿಳಿ ಹೊಸೆದ ದಾರ:
ಕುಡಿದ ನೆತ್ತರಿನ ಕರುಳಿಗೆ
ಬಿಳಿಯ ಬಸಿರು ಸುತ್ತಿಕೊಂಡದ್ದು.
ಚಂದ ಅನ್ನಬಾರದು.
ಚಂದವೇ.

"ಮೊದ್ಲು ಕೆರೆಯಿಂದ ಕೆರೆಗೆ ಹೊಡೀತಿದ್ವಿ.
ಒಂದ್ಸಲ ಮೇದ ಹುಲ್ಲಿಗೆ ಮತ್ತೆ ಬಾಯಿ ಹಾಕೋಕೆ
ಮೂರು ತಿಂಗಳು.
ಈಗಿರೋದು ಎರಡು ಖಾಲಿ ಸೈಟು, ಒಂದು ಕೋರ್ಟಲ್ಲೈತೆ.
ಬೆಳಿಗ್ಗೆ ಅಲ್ಲಿ. ಸಾಯಂಕಾಲ ಅಲ್ಲೇ."

ಅಲ್ಲೇ, ಹಿಕ್ಕೆಯಿಂದ ಎದ್ದ ಮರಿಹುಳು
ಇಬ್ಬನಿ ಹಿಡಿದು ಗರಿಕೆಯ ತುದಿಗೆ ಹತ್ತಿ ನಿಲ್ಲುತ್ತದೆ,
ಮನೆ ಕಡೆಯ ಬಸ್ಸಿಗೆ ಕಾದವರಂತೆ.

ಭಾನುವಾರ ನಾನೇ ಹೋದೆ,
ಬಣ್ಣದ ಕಾರ್ಡು ಹಿಡಿದು: ಐದು ಮನೆ, ಕಡುಗೆಂಪಿನಿಂದ ಬಿಳಿಚಿನ ತನಕ.
ಪಿಳ್ಳಮ್ಮ ಕಾರ್ಡು ನೋಡಲಿಲ್ಲ.
ಕುರಿಯ ಕೆಳರೆಪ್ಪೆ ಎಳೆದು ಹೇಳುತ್ತ ಹೋದಳು:
ದಾಳಿಂಬೆ. ದಾಳಿಂಬೆ. ಸೀಬೆ. ದಾಳಿಂಬೆ.
ಇದು ಬೆಳ್ಳುಳ್ಳಿ.

ಬೆಳ್ಳುಳ್ಳಿಗೆ ಮಾತ್ರ ಹೊಸ ಮದ್ದು, ಅಂದೆ.
"ಮಿಕ್ಕಿದ್ದಕ್ಕೆ?"
ಬೇಡ. ಮದ್ದಿಗೆ ಸಾಯುವಂಥ ಹುಳು ಒಂದಷ್ಟು ಉಳಿದಿರಲಿ,
ಗಟ್ಟಿಯವಕ್ಕೆ ಗಟ್ಟಿಯವೇ ಜೋಡಿ ಸಿಗಬಾರದು.
(ಹುಳು ಉಳಿಸಿ ಎನ್ನುವುದಕ್ಕೆ
ಸರ್ಕಾರ ನನಗೆ ಸಂಬಳ ಕೊಡುತ್ತದೆ.)
ಅವಳು ಬಾಯೊಳಗಿನ ಎಲೆಅಡಿಕೆ
ಆ ದವಡೆಯಿಂದ ಈ ದವಡೆಗೆ ಹಾಕಿದಳು.
"ಬಿತ್ತನೆಗೆ ಬಿಟ್ಟಂಗೆ."
ಹೂಂ.
"ಸಾಯೋವ್ರ ಬಿತ್ತನೆ."

ಒಳಗೆ ಕರೆದು ಮುದ್ದೆ ಇಟ್ಟಳು, ಹುರುಳಿ ಸಾರು.
ನುಂಗುತ್ತ ತಲೆ ಎತ್ತಿದೆ. ತಗಡಿನ ಶೀಟು,
ಐದು ಜಂತೆ.
ಎಣಿಸಿಯಾಗಿತ್ತು.

ಆಮೇಲೆ ತೂಕ. ನಮ್ಮನೆಯ ಬಾತ್‌ರೂಮಿನ ಯಂತ್ರವನ್ನೇ
ಬ್ಯಾಗಿನಲ್ಲಿ ತಂದಿದ್ದೆ.
ಗದ್ದದಡಿ ನೀರು ತುಂಬಿ ಜೋತ ಆ ಬೆಳ್ಳುಳ್ಳಿಯನ್ನು
ಪಿಳ್ಳಮ್ಮ ಮಗುವಿನಂತೆ ಎತ್ತಿ ನಿಂತಳು: ಅರವತ್ತು.
ಇಳಿಸಿ, ಒಬ್ಬಳೇ ನಿಂತಳು: ನಲವತ್ತೊಂದು.
ಕಳೆದರೆ ಹತ್ತೊಂಬತ್ತು.
ಹತ್ತೊಂಬತ್ತು ಕೇಜಿಗೆ ಎಷ್ಟೋ ಅಷ್ಟು,
ಸಿರಿಂಜಿಗೆ ಎಳೆದು, ನಾಲಗೆ ಹಿಂದಕ್ಕೆ ಬಿಟ್ಟೆ.
ಕುರಿ ನುಂಗಿತು. ಕೆಮ್ಮಿತು.
ನೋಟುಬುಕ್ಕಿನಲ್ಲಿ ಹತ್ತೊಂಬತ್ತನ್ನು ಬರೆದುಕೊಂಡೆ.

ನಲವತ್ತೊಂದನ್ನು ಬರೆದುಕೊಳ್ಳಲಿಲ್ಲ.
ಅವಳ ಕಣ್ಣಿನ ಕೆಳರೆಪ್ಪೆ ಎಳೆದು
ನೋಡಲೂ ಇಲ್ಲ.